ಸೇನೆಗೇ ಒಂದು ಪುಟ್ಟ ವಿಮಾನ ಯಾಕೆ? ಕೃಷಕ್, ಬರ್ಡ್ ಡಾಗ್ ಮತ್ತು ಪಕ್ಕದ ಸೀಟಿನ ಪ್ರಶ್ನೆ

ಲೋಂಗೇವಾಲಾ ಅಂದ ತಕ್ಷಣ ನಮ್ಮ ತಲೆಮಾರಿಗೆ ನೆನಪಾಗೋದು 'ಬಾರ್ಡರ್' ಸಿನಿಮಾ. ರಾತ್ರಿಯಿಡೀ ಟ್ಯಾಂಕ್‌ಗಳ ಎದುರು ನಿಂತ ಒಂದು ಕಂಪನಿ, ಬೆಳಗಾಗುತ್ತಲೇ ಬಂದೆರಗುವ ವಾಯುಪಡೆಯ ಹಂಟರ್ ಜೆಟ್‌ಗಳು. ಗೆದ್ದಿದ್ದು ಭೂಸೇನೆಯೋ ವಾಯುಪಡೆಯೋ ಅನ್ನೋ ಜಗಳ ನಿವೃತ್ತ ಅಧಿಕಾರಿಗಳ ನಡುವೆಯೇ ಬಹಿರಂಗವಾಗಿ ನಡೆದಿದೆ. ಸೋಷಿಯಲ್ ಮೀಡಿಯಾದಲ್ಲಂತೂ ಪ್ರತಿ ಡಿಸೆಂಬರ್‌ನಲ್ಲೂ ಅದು ಮತ್ತೆ ಶುರುವಾಗುತ್ತೆ.

ಈ ಜಗಳದಲ್ಲಿ ಒಂದು ವಿಮಾನದ ಹೆಸರು ಮಾತ್ರ ಅಷ್ಟಾಗಿ ಕೇಳಿಬರೋದಿಲ್ಲ. ಅದರಲ್ಲಿ ಗನ್ ಇರಲಿಲ್ಲ, ಬಾಂಬ್ ಇರಲಿಲ್ಲ. ಹಾರಿಸುತ್ತಿದ್ದವರು ವಾಯುಪಡೆಯವರಲ್ಲ, ಭೂಸೇನೆಯ ಅಧಿಕಾರಿ. ಅದನ್ನು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಹೆಸರು 'ಕೃಷಕ್', ಅಂದ್ರೆ ರೈತ.

ಯುದ್ಧದಲ್ಲಿ ಗುಂಡು ಹಾರಿಸುವವರ ಬಗ್ಗೆ ನಾವು ಬೇಕಾದಷ್ಟು ಓದಿದ್ದೇವೆ. ನೋಡುವವರ ಬಗ್ಗೆ ಓದಿದ್ದು ಕಡಿಮೆ. ಭೂಸೇನೆಗಳು ತಮ್ಮದೇ ಪುಟ್ಟ ವಿಮಾನಗಳನ್ನು ಯಾಕೆ ಇಟ್ಟುಕೊಂಡವು, ಅವು ಯುದ್ಧದಲ್ಲಿ ಏನು ಮಾಡಿದವು, ಅವುಗಳ ಮೇಲೆ ಇಲಾಖೆಗಳು ಯಾಕೆ ಕಿತ್ತಾಡಿದವು, ಇದನ್ನೆಲ್ಲ ಒಂದೇ ಕಡೆ ಸಿಗೋ ಹಾಗೆ ಬರೆಯೋ ಪ್ರಯತ್ನ ಇದು. ಡ್ರೋನ್ ಕಾಲದಲ್ಲಿ ಈ ಹಳೇ ಕತೆ ನಮಗೆ ಯಾಕೆ ಬೇಕು ಅನ್ನೋದು ಕೊನೆಯಲ್ಲಿದೆ.

ಎಡ ಅಂದ್ರೆ ಯಾರ ಎಡ?

ಎಂಜಿನಿಯರಿಂಗ್ ಓದೋವಾಗ ನಾವು ನಾಲ್ಕು ಜನ ಸೇರಿ ಥರ್ಮಾಕೋಲಿನಲ್ಲಿ ಒಂದು ವಿಮಾನ ಮಾಡಿ, ಅದಕ್ಕೊಂದು ಸಣ್ಣ ಕ್ಯಾಮೆರಾ ಕಟ್ಟಿದ್ದೆವು. ರಿಮೋಟ್ ನನ್ನ ಕೈಲಿ. ಗೆಳೆಯ ಲ್ಯಾಪ್‌ಟಾಪ್ ಪರದೆ ನೋಡ್ತಾ ದಾರಿ ಹೇಳಬೇಕು. ಮೊದಲ ಹಾರಾಟದಲ್ಲೇ ಅವನು 'ಎಡಕ್ಕೆ, ಎಡಕ್ಕೆ' ಅಂತ ಕೂಗಿದ. ಅವನು ಹೇಳಿದ್ದು ವಿಮಾನದ ಎಡ, ನಾನು ತಿರುಗಿಸಿದ್ದು ನನ್ನ ಎಡ. ವಿಮಾನ ಹಾಸ್ಟೆಲ್ ಹಿಂದಿನ ನೀಲಗಿರಿ ಮರಕ್ಕೆ ಹೋಗಿ ಸಿಕ್ಕಿಕೊಂಡಿತು.

ಅವತ್ತು ಅದು ತಮಾಷೆ. ಆದರೆ ಫಿರಂಗಿ ದಳದವರು ಮೊದಲ ಮಹಾಯುದ್ಧದ ಕಾಲದಿಂದಲೂ ತಲೆ ಕೆಡಿಸಿಕೊಂಡಿದ್ದು ಇದೇ ಸಮಸ್ಯೆಗೆ. ದೂರಗಾಮಿ ಫಿರಂಗಿ ಹಾರಿಸುವವರಿಗೆ ಸಾಮಾನ್ಯವಾಗಿ ಗುರಿಯೇ ಕಾಣೋದಿಲ್ಲ. ಅದು ಗುಡ್ಡದ ಆಚೆ ಇರುತ್ತೆ, ಹಲವು ಕಿಲೋಮೀಟರ್ ದೂರದಲ್ಲಿ. ಗುಂಡು ಎಲ್ಲಿ ಬಿತ್ತು ಅಂತ ನೋಡಿ ಹೇಳೋಕೆ ಇನ್ನೊಬ್ಬರು ಬೇಕು: 'ಬಲಕ್ಕೆ ನೂರು, ಮುಂದಕ್ಕೆ ಇನ್ನೂರು.' ಹೀಗೆ ಹೇಳೋವಾಗ ಬಲ ಅಂದ್ರೆ ಯಾರ ಬಲ ಅನ್ನೋದು ಇಬ್ಬರಿಗೂ ಮೊದಲೇ ಗೊತ್ತಿರಬೇಕು. ಆಕಾಶದಲ್ಲಿ ಸುತ್ತುತ್ತಿರುವ ಪೈಲಟ್‌ನ ಬಲ ಕ್ಷಣಕ್ಕೊಮ್ಮೆ ಬದಲಾಗುತ್ತೆ. ಹಾಗಾಗಿ ಫಿರಂಗಿಯಿಂದ ಗುರಿಗೆ ಒಂದು ಕಾಲ್ಪನಿಕ ಗೆರೆ ಎಳೆದು, ಆ ಗೆರೆಯ ಮೇಲೆ ನಿಂತವನ ಎಡಬಲ ಅಂತ ಲೆಕ್ಕ ಇಟ್ಟುಕೊಳ್ಳೋದು ರೂಢಿಯಾಯಿತು.

ಇಷ್ಟು ಅರ್ಥವಾದರೆ ಮುಂದಿನದು ಸುಲಭ. ಮೇಲಿಂದ ನೋಡುವ ವ್ಯಕ್ತಿಗೆ ಫಿರಂಗಿ ಭಾಷೆ ಗೊತ್ತಿರಬೇಕು. ವಿಮಾನ ಹಾರಿಸೋದು ಗೊತ್ತಿದ್ದರಷ್ಟೇ ಸಾಲದು. ಪೈಲಟ್‌ಗೆ ಫಿರಂಗಿ ಕಲಿಸೋದಕ್ಕಿಂತ ಫಿರಂಗಿಯವನಿಗೆ ವಿಮಾನ ಕಲಿಸೋದೇ ಸರಿ ಅಂತ ವಾದಿಸಿದವರು ಬ್ರಿಟಿಷ್ ಫಿರಂಗಿ ದಳದ ಅಧಿಕಾರಿ ಚಾರ್ಲ್ಸ್ ಬೇಜ್ಲಿ. ಎರಡನೇ ಮಹಾಯುದ್ಧದ ಹೊತ್ತಿಗೆ ಆ ವಾದ ಗೆದ್ದಿತು. 1941ರಲ್ಲಿ ಮೊದಲ 'ಏರ್ ಅಬ್ಸರ್ವೇಷನ್ ಪೋಸ್ಟ್' ಸ್ಕ್ವಾಡ್ರನ್ ಹುಟ್ಟಿತು. ಚಿಕ್ಕದಾಗಿ 'ಏರ್ ಓಪಿ', ನಮ್ಮ ಮಾತಲ್ಲಿ ಹಾರುವ ವೀಕ್ಷಣಾ ಠಾಣೆ. ವ್ಯವಸ್ಥೆ ಮಾತ್ರ ವಿಚಿತ್ರವಾಗಿತ್ತು: ಪೈಲಟ್‌ಗಳು ಭೂಸೇನೆಯವರು, ಸ್ಕ್ವಾಡ್ರನ್ ಮತ್ತು ವಿಮಾನ ವಾಯುಪಡೆಯದ್ದು. ಬಳಸಿದ್ದು 'ಆಸ್ಟರ್' ಅನ್ನೋ ಬಟ್ಟೆ ಹೊದಿಸಿದ ಸಣ್ಣ ವಿಮಾನ. ಅದು ನಿಧಾನಕ್ಕೆ, ತಗ್ಗಿನಲ್ಲಿ ಹಾರುತ್ತಿತ್ತು, ಗದ್ದೆ ಬಯಲಲ್ಲೂ ಇಳಿಯುತ್ತಿತ್ತು. ಈ ಕೆಲಸಕ್ಕೆ ಬೇಕಾಗಿದ್ದೇ ಅದು.

ಬೆಂಗಳೂರಿನ ರೈತ

ದೇಶ ವಿಭಜನೆಯಾದಾಗ ಮೇಜು ಕುರ್ಚಿಗಳ ಜೊತೆ ಏರ್ ಓಪಿ ಕೂಡ ಭಾರತ, ಪಾಕಿಸ್ತಾನಗಳ ನಡುವೆ ಹಂಚಿಹೋಯಿತು. ನಮ್ಮ ಪಾಲಿಗೆ ಬಂದ ಆಸ್ಟರ್‌ಗಳು 1947-48ರ ಕಾಶ್ಮೀರ ಯುದ್ಧದಲ್ಲಿ ಹಾರಿದವು. ಆದರೆ ಆಮದು ವಿಮಾನಗಳನ್ನೇ ನಂಬಿ ಎಷ್ಟು ದಿನ ನಡೆಸೋಕಾಗುತ್ತೆ?

ಆ ಹೊತ್ತಿಗೆ ಬೆಂಗಳೂರಿನ ಎಚ್‌ಎಎಲ್ ತಾನೇ ವಿಮಾನ ವಿನ್ಯಾಸ ಮಾಡೋಕೆ ಶುರು ಮಾಡಿತ್ತು. ವಿ.ಎಂ. ಘಾಟಗೆ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. 1958ರಲ್ಲಿ ಫ್ಲೈಯಿಂಗ್ ಕ್ಲಬ್‌ಗಳಿಗೆ ಅಂತ 'ಪುಷ್ಪಕ್' ಬಂತು. ಅದನ್ನೇ ಹಿಗ್ಗಿಸಿ, ದೊಡ್ಡ ಎಂಜಿನ್ ಹಾಕಿದ್ದು ಕೃಷಕ್. ಮೊದಲ ಹಾರಾಟ 1959ರಲ್ಲಿ. ಹೊರಗಿನ ಗಿರಾಕಿಗಳು ಅಷ್ಟಾಗಿ ಆಸಕ್ತಿ ತೋರಿಸಲಿಲ್ಲ, ಭೂಸೇನೆ ತಗೊಂಡಿತು. ಅಮೆರಿಕದ ಕಾಂಟಿನೆಂಟಲ್ ಕಂಪನಿಯ 225 ಅಶ್ವಶಕ್ತಿಯ ಎಂಜಿನ್, ಗಂಟೆಗೆ ಸುಮಾರು 200 ಕಿಲೋಮೀಟರ್ ಗರಿಷ್ಠ ವೇಗ. ಇವತ್ತಿನ ಒಂದು ದೊಡ್ಡ ಎಸ್‌ಯುವಿಯ ಎಂಜಿನ್‌ಗೂ ಇದಕ್ಕೂ ಶಕ್ತಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಸೇನೆಗಾಗಿ ತಯಾರಾಗಿದ್ದು ಸುಮಾರು 70 ವಿಮಾನ, ಅಷ್ಟೇ.

1971ರ ಡಿಸೆಂಬರ್ 5. ರಾಜಸ್ಥಾನದ ಮರುಭೂಮಿಯ ಲೋಂಗೇವಾಲಾ ಠಾಣೆಯಲ್ಲಿ ಮೇಜರ್ ಕುಲದೀಪ್ ಸಿಂಗ್ ಚಾಂದಪುರಿ ಅವರ ಕೆಳಗೆ ಪಂಜಾಬ್ ರೆಜಿಮೆಂಟಿನ ಒಂದು ಕಂಪನಿ, ಸುಮಾರು 120 ಜನ. ಎದುರಿಗೆ ಹತ್ತಾರು ಟ್ಯಾಂಕ್‌ಗಳ ಜೊತೆ ನುಗ್ಗಿ ಬಂದ ಪಾಕಿಸ್ತಾನದ ಪಡೆ. ಜೈಸಲ್ಮೇರ್‌ನಲ್ಲಿದ್ದ ಹಂಟರ್‌ಗಳು ರಾತ್ರಿ ದಾಳಿ ಮಾಡುವ ಹಾಗಿರಲಿಲ್ಲ. ಬೆಳಕು ಹರಿಯೋವರೆಗೆ ಕಾಯಲೇಬೇಕಿತ್ತು.

ಬೆಳಕಾದ ಮೇಲೆ ಮರಳುಗಾಡಿನ ಮೇಲೆ ಹಂಟರ್‌ಗಳ ಜೊತೆಗೇ ಕೃಷಕ್ ಕೂಡ ಇತ್ತು. ಅದರಲ್ಲಿದ್ದವರು ಏರ್ ಓಪಿಯ ಮೇಜರ್ ಆತ್ಮಾ ಸಿಂಗ್. ಜೆಟ್ ಒಂದು ಸಲ ದಾಳಿ ಮಾಡಿ ಮುಂದಕ್ಕೆ ಹೋಗಿಬಿಡುತ್ತೆ, ತಿರುಗಿ ಬರೋಷ್ಟರಲ್ಲಿ ಧೂಳು, ಹೊಗೆ. ಯಾವ ಟ್ಯಾಂಕ್ ಉರಿದಿದೆ, ಯಾವುದು ಇನ್ನೂ ಓಡಾಡ್ತಿದೆ, ಯಾವುದು ನಮ್ಮವರ ಠಾಣೆಗೆ ಹತ್ತಿರ ಇದೆ ಅಂತ ನೋಡಿ ಹೇಳೋಕೆ ಅಲ್ಲೇ ಸುತ್ತುತ್ತಾ ಇರೋ ನಿಧಾನದ ವಿಮಾನ ಬೇಕು. ಆತ್ಮಾ ಸಿಂಗ್ ಮಾಡಿದ್ದು ಅದನ್ನೇ, ಹಂಟರ್‌ಗಳಿಗೆ ಗುರಿ ತೋರಿಸಿದ್ದು. ಅವರಿಗೆ ವೀರ ಚಕ್ರ ಸಿಕ್ಕಿತು. 'ಗೆದ್ದಿದ್ದು ಯಾರು' ಅನ್ನೋ ಪ್ರಶ್ನೆಗೆ ಈ ವಿಮಾನ ಸರಿಯಾಗಿ ಹೊಂದೋದಿಲ್ಲ. ಯಾಕಂದ್ರೆ ಅದು ಭೂಸೇನೆಯದ್ದು, ಕೆಲಸ ಮಾಡಿದ್ದು ವಾಯುಪಡೆಯ ಜೊತೆ.

ಅದೇ ಎಂಜಿನ್, ಇನ್ನೊಂದು ಯುದ್ಧ

ಕೃಷಕ್‌ನಲ್ಲಿದ್ದ ಎಂಜಿನ್‌ನ ಮಾದರಿ ಒ-470. ಅದೇ ಕುಟುಂಬದ, 213 ಅಶ್ವಶಕ್ತಿಯ ಎಂಜಿನ್ ಇನ್ನೊಂದು ವಿಮಾನದಲ್ಲೂ ಇತ್ತು: ಅಮೆರಿಕದ ಸೆಸ್ನಾ ಕಂಪನಿಯ ಒ-1 'ಬರ್ಡ್ ಡಾಗ್'. ಅದೂ ಮೇಲ್ಗಡೆ ರೆಕ್ಕೆ ಇರೋ ಸಣ್ಣ ವಿಮಾನವೇ. ಒಬ್ಬರ ಹಿಂದೆ ಒಬ್ಬರಂತೆ ಎರಡು ಸೀಟು: ಮುಂದೆ ಪೈಲಟ್, ಹಿಂದೆ ವೀಕ್ಷಕ. ನಮ್ಮಲ್ಲಿ ಸುಮಾರು 70 ಕೃಷಕ್ ಆದರೆ, ಅಲ್ಲಿ 3,000ಕ್ಕೂ ಹೆಚ್ಚು ಬರ್ಡ್ ಡಾಗ್. ಭೂಸೇನೆಯ ಸ್ವಂತ ವಿಮಾನಗಳು ದೊಡ್ಡ ಮಟ್ಟದಲ್ಲಿ ಏನು ಮಾಡಬಲ್ಲವು ಅಂತ ನೋಡಬೇಕಿದ್ದರೆ ಅವು ಹೋದ ವಿಯೆಟ್ನಾಂಗೇ ಹೋಗಬೇಕು.

ಅಲ್ಲಿ ಅಮೆರಿಕದ ಭೂಸೇನೆ 'ರೆಕಾನೆಸಾನ್ಸ್ ಏರ್‌ಪ್ಲೇನ್ ಕಂಪನಿ' ಅಂತಲೇ ಘಟಕಗಳನ್ನು ಇಟ್ಟಿತ್ತು. ಪ್ಲೇಕುವಿನಲ್ಲಿ 219ನೇ ಕಂಪನಿ. ಉತ್ತರದ ಫು ಬಾಯಿಯಲ್ಲಿ 220ನೇ ಕಂಪನಿ, ಅಡ್ಡಹೆಸರು 'ಕ್ಯಾಟ್‌ಕಿಲ್ಲರ್ಸ್'. ಇವರ ದಿನಚರಿ ಹೀಗಿತ್ತು: ಒಂದೇ ಪ್ರದೇಶದ ಮೇಲೆ ದಿನಾ ಹಾರೋದು. ನಿನ್ನೆ ಇಲ್ಲದ ಕಾಲುದಾರಿ ಇವತ್ತು ಇದೆಯಾ, ಹೊಳೆಯಲ್ಲಿ ಹೊಸ ದೋಣಿ ಇದೆಯಾ, ಬೆಳಗ್ಗೆ ಹೊಗೆ ಏಳಬೇಕಾದ ಊರಲ್ಲಿ ಹೊಗೆ ಯಾಕಿಲ್ಲ ಅಂತ ಗಮನಿಸೋದು. ಜೊತೆಗೆ ಟ್ರಕ್ ಸಾಲುಗಳ ಮೇಲೆ ಕಾವಲು, ರೇಡಿಯೋ ತಲುಪದ ಕಣಿವೆಯಿಂದ ಸಂದೇಶ ದಾಟಿಸೋದು, ಫಿರಂಗಿಗೆ ಗುರಿ ಹೇಳೋದು. ಒಟ್ಟಿನಲ್ಲಿ ಬೀಟ್ ಪೊಲೀಸ್ ಥರ, ಊರಿನ ರೂಢಿ ಗೊತ್ತಿದ್ದರೆ ಮಾತ್ರ ರೂಢಿ ತಪ್ಪಿದ್ದು ಕಾಣುತ್ತೆ.

ಹಗಲು ಕಾಣೋದು ಬರ್ಡ್ ಡಾಗ್‌ಗೆ ಬಿಟ್ಟಿದ್ದು. ರಾತ್ರಿಗೆ ಗ್ರಮ್ಮನ್ ಕಂಪನಿಯ ಒವಿ-1 'ಮೊಹಾಕ್' ಇತ್ತು. ಎರಡು ಟರ್ಬೋಪ್ರಾಪ್ ಎಂಜಿನ್, ಬಾಲದಲ್ಲಿ ಮೂರು ನೇರ ರೆಕ್ಕೆ, ಅಕ್ಕಪಕ್ಕ ಎರಡು ಎಜೆಕ್ಷನ್ ಸೀಟು. ಒಂದು ಮಾದರಿಯ ಹೊಟ್ಟೆ ಕೆಳಗೆ ಉದ್ದನೆಯ ಡಬ್ಬಿಯಲ್ಲಿ ಪಕ್ಕಕ್ಕೆ ನೋಡುವ ರೇಡಾರ್, ಇನ್ನೊಂದರಲ್ಲಿ ಬಿಸಿಯನ್ನು ಗುರುತಿಸುವ ಇನ್‌ಫ್ರಾರೆಡ್ ಸಾಧನ. ಆ ರೇಡಾರ್ ಕತ್ತಲಲ್ಲೂ ಚಲಿಸುವ ವಾಹನಗಳನ್ನು ಹಿಡಿದು, ಹಾರಾಟದಲ್ಲಿರುವಾಗಲೇ ಫಿಲ್ಮ್ ಮೇಲೆ ಚಿತ್ರ ಕೊಡುತ್ತಿತ್ತು. ಮೂರನೇ ಗುಂಪಿನದು ಕೇಳುವ ಕೆಲಸ. 'ರೇಡಿಯೋ ರಿಸರ್ಚ್' ಅನ್ನೋ ಸಾಧು ಹೆಸರಿನ ಘಟಕಗಳು ಬೀವರ್, ಸೆಮಿನೋಲ್‌ನಂಥ ಸಣ್ಣ ವಿಮಾನಗಳಲ್ಲಿ ಆಂಟೆನಾ ಹೊತ್ತು, ಎದುರಾಳಿಯ ರೇಡಿಯೋ ಎಲ್ಲಿಂದ ಮಾತಾಡ್ತಿದೆ ಅಂತ ದಿಕ್ಕು ಪತ್ತೆ ಮಾಡುತ್ತಿದ್ದವು.

ನಾಲ್ಕನೆಯದು ಹೊರುವ ಕೆಲಸ. ಕೆನಡಾದಲ್ಲಿ ತಯಾರಾದ 'ಕ್ಯಾರಿಬೂ' ಮೂರು ಟನ್‌ಗೂ ಹೆಚ್ಚು ಸಾಮಾನು ಅಥವಾ ಮೂವತ್ತೆರಡು ಜನರನ್ನು ಹೊತ್ತು, ಕಾಡಿನ ನಡುವಿನ ಚಿಕ್ಕ ಮಣ್ಣಿನ ಪಟ್ಟಿಯಲ್ಲಿ ಇಳಿಯುತ್ತಿತ್ತು. ದೊಡ್ಡ ಸಾಗಣೆ ವಿಮಾನಕ್ಕೆ ಅಲ್ಲಿ ಜಾಗ ಸಾಲದು, ಹೆಲಿಕಾಪ್ಟರ್‌ಗೆ ಅಷ್ಟು ಭಾರ ಕಷ್ಟ.

ಇಲಾಖೆ ಜಗಳ

ಇಲ್ಲೇ ರಾಜಕೀಯ ಶುರುವಾಗೋದು. 1947ರಲ್ಲಿ ಅಮೆರಿಕದ ವಾಯುಪಡೆ ಭೂಸೇನೆಯಿಂದ ಬೇರೆಯಾಗಿ ಸ್ವತಂತ್ರ ಪಡೆಯಾಯಿತು. ಹೊಸದಾಗಿ ಬೇರೆ ಮನೆ ಮಾಡಿದ ತಮ್ಮನಿಗೆ ಅಣ್ಣ ಮತ್ತೆ ಪಾತ್ರೆ ಪಗಡ ಸೇರಿಸಿಕೊಳ್ಳೋದು ಕಂಡರೆ ಅನುಮಾನ ಬರೋದು ಸಹಜ. 1952ರ ಒಪ್ಪಂದದಲ್ಲಿ ಭೂಸೇನೆಯ ಸ್ಥಿರ ರೆಕ್ಕೆಯ ವಿಮಾನಗಳಿಗೆ ತೂಕದ ಮಿತಿ ಬಂತು: ಖಾಲಿ ವಿಮಾನ 5,000 ಪೌಂಡ್ ದಾಟಬಾರದು. ಅಂದ್ರೆ ಸುಮಾರು 2,270 ಕಿಲೋ. ಮೊಹಾಕ್, ಕ್ಯಾರಿಬೂ ಎರಡೂ ಈ ಮಿತಿಯನ್ನು ದಾಟಿದವು, ವಿನಾಯಿತಿಯ ಮೇಲೆ ಬಂದವು. ಜಗಳವೂ ಜೊತೆಗೇ ಬಂತು.

1966ರ ಏಪ್ರಿಲ್ 6ರಂದು ಭೂಸೇನೆಯ ಮುಖ್ಯಸ್ಥ ಹೆರಾಲ್ಡ್ ಜಾನ್ಸನ್ ಮತ್ತು ವಾಯುಪಡೆಯ ಮುಖ್ಯಸ್ಥ ಜಾನ್ ಮೆಕ್‌ಕಾನೆಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಭೂಸೇನೆ ತನ್ನ ಕ್ಯಾರಿಬೂಗಳನ್ನೆಲ್ಲ ವಾಯುಪಡೆಗೆ ಕೊಡಬೇಕು. ಬದಲಿಗೆ ಭೂಸೇನೆಯ ಹೆಲಿಕಾಪ್ಟರ್‌ಗಳ ತಂಟೆಗೆ ವಾಯುಪಡೆ ಬರೋದಿಲ್ಲ. ಯುದ್ಧ ನಡೀತಾ ಇರೋವಾಗಲೇ ನೂರಕ್ಕೂ ಹೆಚ್ಚು ವಿಮಾನಗಳು ಯಜಮಾನರನ್ನು ಬದಲಿಸಿದವು. 1967ರ ಜನವರಿ 1ರ ಹೊತ್ತಿಗೆ ಹಸ್ತಾಂತರ ಮುಗಿಯಿತು. ಬರ್ಡ್ ಡಾಗ್, ಮೊಹಾಕ್‌ಗಳು ಭೂಸೇನೆಯ ಬಳಿಯೇ ಉಳಿದವು.

ರಸ್ತೆ ಹಾಕೋದು ಒಂದು ಇಲಾಖೆ, ಅಗೆಯೋದು ಇನ್ನೊಂದು ಇಲಾಖೆ ಅನ್ನೋ ಊರಲ್ಲಿ ಬದುಕಿರೋ ನಮಗೆ ಇದು ಅರ್ಥವಾಗದ ಕತೆ ಏನಲ್ಲ. ಆದರೆ ಇದನ್ನು ಬರೀ ಅಹಂಕಾರದ ಜಗಳ ಅಂತ ತಳ್ಳಿಹಾಕೋದೂ ತಪ್ಪು. ಎರಡೂ ಕಡೆ ನ್ಯಾಯವಾದ ಮಾತಿದೆ. ವಾಯುಪಡೆ ಹೇಳೋದು: ವಿಮಾನಗಳು ಕಡಿಮೆ, ಅವನ್ನು ತುಂಡು ತುಂಡಾಗಿ ಹಂಚಿದರೆ ಯಾರಿಗೂ ಸಾಲದು, ಒಂದೇ ಕಡೆ ಇಟ್ಟು ಎಲ್ಲಿ ತುರ್ತೋ ಅಲ್ಲಿಗೆ ಕಳಿಸೋಣ. ಭೂಸೇನೆ ಹೇಳೋದು: ಅರ್ಜಿ ಹಾಕಿ ಕಾಯೋಷ್ಟರಲ್ಲಿ ಬೆಟ್ಟದ ಆಚೆಯವರು ಜಾಗ ಬದಲಿಸಿರ್ತಾರೆ, ನೋಡೋ ಕಣ್ಣು ನನ್ನ ಕೈಕೆಳಗೇ ಇರಲಿ.

ಭಾರತದಲ್ಲೂ ಇದೇ ವಾದ ನಡೆದಿದೆ, ನಡೀತಾ ಇದೆ. 1986ರ ನವೆಂಬರ್ 1ರಂದು ಆರ್ಮಿ ಏವಿಯೇಷನ್ ಕೋರ್ ಪ್ರತ್ಯೇಕ ದಳವಾಯಿತು. ಅಷ್ಟೊತ್ತಿಗೆ ಕೃಷಕ್‌ಗಳು ನಿವೃತ್ತಿಯಾಗಿ, ಚೇತಕ್, ಚೀತಾ ಹೆಲಿಕಾಪ್ಟರ್‌ಗಳು ಆ ಜಾಗಕ್ಕೆ ಬಂದಿದ್ದವು. ಅಪಾಚೆ ದಾಳಿ ಹೆಲಿಕಾಪ್ಟರ್‌ಗಳಲ್ಲಿ ವಾಯುಪಡೆಗೆ 22, ಭೂಸೇನೆಗೆ ಪ್ರತ್ಯೇಕವಾಗಿ 6. ಒಂದೇ ಯಂತ್ರ, ಇಬ್ಬರು ಯಜಮಾನರು. 2025ರ ಮಾರ್ಚ್‌ನಲ್ಲಿ ಎಚ್‌ಎಎಲ್ ಜೊತೆ ಒಪ್ಪಂದವಾದ 156 'ಪ್ರಚಂಡ' ಹೆಲಿಕಾಪ್ಟರ್‌ಗಳಲ್ಲಿ 90 ಭೂಸೇನೆಗೆ, 66 ವಾಯುಪಡೆಗೆ. ಕಟ್ಟೋದು ಬೆಂಗಳೂರು, ತುಮಕೂರಿನಲ್ಲಿ. ಹೀಗಾಗಿ ಈ ಹಂಚಿಕೆಯ ಲೆಕ್ಕ ನಮ್ಮ ಊರಿನ ಕಾರ್ಖಾನೆ ಗೇಟಿನವರೆಗೂ ಬರುತ್ತೆ.

ಮೇಲಿಂದ ನೋಡಿದರೆ ರೈತ ಹೇಗೆ ಕಾಣ್ತಾನೆ?

ಇಲ್ಲಿಯವರೆಗೆ ಹೇಳಿದ್ದು ಯಂತ್ರ ಮತ್ತು ಇಲಾಖೆಯ ಕತೆ. ನನಗೆ ನಿಜಕ್ಕೂ ಮುಖ್ಯ ಅನಿಸೋದು ಮುಂದಿನದು.

ಮರುಭೂಮಿಯಲ್ಲಿ ಟ್ಯಾಂಕ್ ಟ್ಯಾಂಕೇ, ನೋಡಿದರೆ ಗೊತ್ತಾಗುತ್ತೆ. ವಿಯೆಟ್ನಾಂನ ಗದ್ದೆಯಲ್ಲಿ ಕೆಲವು ನೂರು ಅಡಿ ಮೇಲಿಂದ ಕಾಣೋದು ಟೋಪಿ ಹಾಕಿದ ಒಂದು ಚುಕ್ಕೆ. ಅದು ರೈತನೋ ಗೆರಿಲ್ಲಾನೋ? ಓಡಿದರೆ ಅನುಮಾನ. ಓಡದೆ ನಿಂತರೆ ಅದಕ್ಕೂ ಒಂದು ಅನುಮಾನ. ನೋಡುವ ಕೆಲಸ ಅಂತ ಶುರುವಾಗಿದ್ದು ಅಲ್ಲಿ ತೀರ್ಪು ಕೊಡುವ ಕೆಲಸವಾಗಿಬಿಟ್ಟಿತು. ಪೈಲಟ್‌ನ ಕೈಲಿ ಇದ್ದಿದ್ದು ಹೊಗೆ ಬಿಡುವ ರಾಕೆಟ್ ಮತ್ತು ರೇಡಿಯೋ, ಅಷ್ಟೇ. ಆದರೆ ಆ ರೇಡಿಯೋದ ಇನ್ನೊಂದು ತುದಿಯಲ್ಲಿ ಫಿರಂಗಿ, ಬಾಂಬರ್ ಎಲ್ಲ ಇದ್ದವು.

ಇದು ನಮಗೆ ಗೊತ್ತಾಗಿದ್ದು ಹೇಗೆ? 1967ರಲ್ಲಿ ಜೊನಾಥನ್ ಶೆಲ್ ಅನ್ನೋ ಯುವ ಪತ್ರಕರ್ತ ಕ್ವಾಂಗ್ ನ್ಗಾಯ್ ಪ್ರಾಂತ್ಯದಲ್ಲಿ ಇಂಥದ್ದೇ ಸಣ್ಣ ವಿಮಾನಗಳ ಇನ್ನೊಂದು ಸೀಟಲ್ಲಿ ಕೂತು ದಿನಗಟ್ಟಲೆ ಹಾರಿದರು. ಅವರು ಹೋಗಿದ್ದು ವಾಯುಪಡೆಯ ಪೈಲಟ್‌ಗಳ ಜೊತೆ. ವಿಮಾನ ಅದೇ ಬರ್ಡ್ ಡಾಗ್. ನಕ್ಷೆ ಹಿಡಿದುಕೊಂಡು, ಕೆಳಗೆ ಯಾವ ಊರು ಉಳಿದಿದೆ, ಯಾವುದು ಸುಟ್ಟಿದೆ ಅಂತ ಗುರುತು ಹಾಕಿಕೊಂಡರು. ಪ್ರಾಂತ್ಯದ ಹಳ್ಳಿಗಳಲ್ಲಿ ಸುಮಾರು ಶೇ 70ರಷ್ಟು ನಾಶವಾಗಿವೆ ಅನ್ನೋದು ಅವರ ಅಂದಾಜು. 1968ರಲ್ಲಿ ಅದು 'ದಿ ಮಿಲಿಟರಿ ಹಾಫ್' ಅನ್ನೋ ಪುಸ್ತಕವಾಗಿ ಬಂತು.

ಯೋಚನೆ ಮಾಡಿ. ಪೈಲಟ್ ಗುರಿ ಹುಡುಕಿದ್ದೂ ಅದೇ ಕಿಟಕಿಯಿಂದ, ಪತ್ರಕರ್ತ ಲೆಕ್ಕ ಹಾಕಿದ್ದೂ ಅದೇ ಕಿಟಕಿಯಿಂದ. ಆ ಸೀಟಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ ಅದೇ ದೃಶ್ಯ ಒಬ್ಬರಿಗೆ ಗುರಿ, ಇನ್ನೊಬ್ಬರಿಗೆ ಸಾಕ್ಷಿ.

ಸೀಟೇ ಇಲ್ಲದ ವಿಮಾನ

ಈಗ ಈ ಕೆಲಸವನ್ನು ಹೆಚ್ಚಾಗಿ ಮಾಡೋದು ಡ್ರೋನ್. ನಮ್ಮ ಭೂಸೇನೆಯ ಹೆರಾನ್ ಕೂಡ ಸ್ಥಿರ ರೆಕ್ಕೆಯದ್ದೇ, ಒಂದು ಲೆಕ್ಕದಲ್ಲಿ ಕೃಷಕ್‌ನ ಮೊಮ್ಮಗ. ಪೈಲಟ್ ಸಾಯೋದಿಲ್ಲ, ಗಂಟೆಗಟ್ಟಲೆ ಹಾರುತ್ತೆ, ನೋಡಿದ್ದನ್ನೆಲ್ಲ ರೆಕಾರ್ಡ್ ಮಾಡುತ್ತೆ. ಎಂಜಿನಿಯರ್ ಆಗಿ ನೋಡಿದರೆ ಎಲ್ಲ ರೀತಿಯಲ್ಲೂ ಮೇಲು. ಆದರೆ ಅದರಲ್ಲಿ ಇನ್ನೊಂದು ಸೀಟಿಲ್ಲ. ರೆಕಾರ್ಡಿಂಗ್ ಇದೆ, ಅದರ ಬೀಗದ ಕೈ ಒಬ್ಬರ ಬಳಿಯೇ ಇದೆ.

2021ರ ಆಗಸ್ಟ್ 29ರಂದು ಕಾಬೂಲ್‌ನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಕಾರಿನ ಮೇಲೆ ದಾಳಿ ಮಾಡಿತು. ಸತ್ತಿದ್ದು ಉಗ್ರರು ಅಂತ ಮೊದಲು ಹೇಳಿದರು. ಪತ್ರಕರ್ತರು ಬೆನ್ನು ಹತ್ತಿದರು. ಸುಮಾರು ಮೂರು ವಾರದ ಮೇಲೆ ಅಮೆರಿಕದ ಸೇನೆಯೇ ತಪ್ಪು ಒಪ್ಪಿಕೊಂಡಿತು: ಸತ್ತ 10 ಜನರೂ ಅಮಾಯಕ ನಾಗರಿಕರು, ಅದರಲ್ಲಿ 7 ಮಕ್ಕಳು. ದಾಳಿಯ ವಿಡಿಯೋ ಹೊರಗೆ ಬಂದಿದ್ದು 2022ರ ಜನವರಿಯಲ್ಲಿ, 'ನ್ಯೂಯಾರ್ಕ್ ಟೈಮ್ಸ್' ಅಲ್ಲಿನ ಮಾಹಿತಿ ಹಕ್ಕು ಕಾನೂನಿನಡಿ ಕೋರ್ಟಿಗೆ ಹೋದ ಮೇಲೆ. ಶೆಲ್ ಸೀಟಲ್ಲಿ ಕೂತು ನೋಡಿದ್ದನ್ನು ಇವರು ವಕೀಲರ ಮೂಲಕ ನೋಡಬೇಕಾಯಿತು.

ನಮ್ಮಲ್ಲಿ? ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಎ) ದೇಶದ ಭದ್ರತೆಗೆ ಧಕ್ಕೆ ತರುವ ಮಾಹಿತಿಗೆ ವಿನಾಯಿತಿ ಕೊಡುತ್ತೆ. ಅದು ಬೇಕು. ಯುದ್ಧ ನಡೀತಿರೋವಾಗ ಡ್ರೋನ್ ದೃಶ್ಯ ಬಿಡುಗಡೆ ಮಾಡಿ ಅಂತ ಯಾರೂ ಕೇಳೋದಿಲ್ಲ. ಆದರೆ ಅದೇ ಕಾಯ್ದೆಯ 8(2) ಇನ್ನೊಂದು ಮಾತನ್ನೂ ಹೇಳುತ್ತೆ: ಮಾಹಿತಿ ಕೊಡೋದರಿಂದ ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಕೊಡಬಹುದು. ನಾವು ಈ ಎರಡನೇ ವಾಕ್ಯದ ಬಗ್ಗೆ ಮಾತಾಡೋದೇ ಇಲ್ಲ. ಡ್ರೋನ್ ಸುದ್ದಿ ಬಂದಾಗಲೆಲ್ಲ ಎಷ್ಟು ದೂರ ಹಾರುತ್ತೆ, ಎಷ್ಟು ಕೋಟಿ, ಸ್ವದೇಶಿಯೋ ವಿದೇಶಿಯೋ, ಇಷ್ಟಕ್ಕೇ ನಿಲ್ಲಿಸ್ತೀವಿ. ಅದರ ದೃಶ್ಯ ಯಾರ ಬಳಿ ಇರುತ್ತೆ, ಎಷ್ಟು ವರ್ಷ ಇರುತ್ತೆ, ತಪ್ಪಾದರೆ ಯಾರು ನೋಡಬಹುದು ಅಂತ ಕೇಳೋದಿಲ್ಲ. ನಾನೂ ಅಂಥ ಸುದ್ದಿ ಬರೆದಿದ್ದೇನೆ, ಕೇಳಿಲ್ಲ. ಇನ್ನು ಮೇಲೆ ಕೇಳಬೇಕು.

ಬರ್ಡ್ ಡಾಗ್‌ನ ಕೊನೆಯ ಕತೆಯೊಂದನ್ನು ಹೇಳಿ ಮುಗಿಸ್ತೀನಿ. 1975ರ ಏಪ್ರಿಲ್ ಕೊನೆಯಲ್ಲಿ ಸೈಗಾನ್ ಬೀಳುತ್ತಿದ್ದಾಗ, ದಕ್ಷಿಣ ವಿಯೆಟ್ನಾಂ ವಾಯುಪಡೆಯ ಮೇಜರ್ ಬುವಾಂಗ್ ಲೀ ತಮ್ಮ ಹೆಂಡತಿ, ಐದು ಮಕ್ಕಳನ್ನು ಒಂದು ಬರ್ಡ್ ಡಾಗ್‌ನಲ್ಲಿ ತುಂಬಿಕೊಂಡು ಕಾನ್ ಸಾನ್ ದ್ವೀಪದಿಂದ ಸಮುದ್ರದ ಕಡೆ ಹಾರಿದರು. ಅಮೆರಿಕದ ವಿಮಾನವಾಹಕ ಹಡಗು ಮಿಡ್‌ವೇ ಕಂಡಿತು. ಜಾಗ ಬಿಡಿ ಅಂತ ಬರೆದ ಚೀಟಿಯನ್ನು ಮೇಲಿಂದ ಹಡಗಿನ ಮೇಲೆ ಎಸೆದರು. ಕ್ಯಾಪ್ಟನ್ ಲಾರೆನ್ಸ್ ಚೇಂಬರ್ಸ್ ಅಲ್ಲಿದ್ದ ಹೆಲಿಕಾಪ್ಟರ್‌ಗಳನ್ನು ಸಮುದ್ರಕ್ಕೆ ತಳ್ಳಿಸಿ ಜಾಗ ಮಾಡಿಕೊಟ್ಟರು. ವಿಮಾನ ಇಳಿಯಿತು, ಏಳೂ ಜನ ಉಳಿದರು. ಆ ವಿಮಾನ ಈಗ ಫ್ಲೋರಿಡಾದ ಪೆನ್ಸಕೋಲಾದಲ್ಲಿ ಅಮೆರಿಕದ ನೌಕಾ ವಿಮಾನಯಾನ ಮ್ಯೂಸಿಯಂನಲ್ಲಿದೆ. ಎರಡೇ ಸೀಟಿನ ವಿಮಾನ ಅದು.